ಯಾರ ಮ್ಯಾಲ ಗೆದ್ರಿ?

ಗೂಗಲ್‌ನ ಅಲ್ಲಮಪ್ರಭು ಗುಡಿಯ ಹತ್ತಿರದ ಕಟ್ಟೆಗೆ ಸಂಜೆಯಾದರೆ ಒಬ್ಬ ಮುತ್ಯಾ ಬಂದು ಕೂಡುತ್ತಿದ್ದ. ಹರೆಯದಲ್ಲಿ ಕುಸ್ತಿ ಹಿಡಿದವನು. ನಾವು ಕಬಡ್ಡಿ ಆಡುವ ಹುಡುಗರು ದೇವದುರ್ಗದಿಂದ ಟೆಂಪೊದಲ್ಲಿ ಕಪ್ ಹಿಡಿದುಕೊಂಡು, ಕೇಕೆ ಹಾಕುತ್ತ ಬಂದಿಳಿದರೆ ಕಪ್ಪಿನ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ‘ಯಾರ ಮ್ಯಾಲ ಗೆದ್ರಿ?’ ಎಂದು ಕೇಳುತ್ತಿದ್ದ. ಇಂಥಾ ಊರವರ ಮ್ಯಾಲ ಮುತ್ಯಾ ಅಂದರೆ ಎರಡನೇ ಪ್ರಶ್ನೆ ಬರುತ್ತಿತ್ತು: ‘ಅವ್ರು ಯಾರ ಮ್ಯಾಲ ಗೆದ್ದು ಬಂದಿದ್ರು?’ ಅಲ್ಲಿಗೆ ನಮ್ಮ ಬಾಯಿ ಕಟ್ಟುತ್ತಿತ್ತು. ಒಮ್ಮೆ ನಮ್ಮ ಎದುರಾಳಿಗಳು ಚೀಟಿ ಎತ್ತಿದಾಗ ಬೈ ಸಿಕ್ಕು ನೇರವಾಗಿ ಫೈನಲ್ಲಿಗೆ ಬಂದವರಾಗಿದ್ದರು. ಅದನ್ನು ಹೇಳಿದಾಗ ಮುತ್ಯಾ ಬೈಯಲಿಲ್ಲ, ನಗಲೂ ಇಲ್ಲ. ‘ಹಂಗಾರ ಇನ್ನಾ ನೀವು ಆಡಿಲ್ಲ ಬಿಡ್ರಿ ತಮ್ಮಾ’ ಅಂದ.

ಆಗ ಸಿಟ್ಟು ಬಂದಿತ್ತು. ಕಪ್ ಕೈಯಲ್ಲಿದೆ, ಮೈಮೇಲೆ ಗುಲಾಲಿದೆ, ಇನ್ನೂ ಆಡೇ ಇಲ್ಲ ಅಂದರೆ ಏನರ್ಥ? ಆ ಎರಡು ಪ್ರಶ್ನೆಗಳ ಬೆಲೆ ತಿಳಿಯಲು ನನಗೆ ಬಹಳ ವರ್ಷ ಬೇಕಾದವು. ಕ್ರೀಡಾಪುಟದಲ್ಲಿ ಅಂಕಪಟ್ಟಿ ಕಂಡಾಗಲೆಲ್ಲ ಈಗ ನಾನೂ ಅದನ್ನೇ ಕೇಳಿಕೊಳ್ಳುತ್ತೇನೆ. ಎಷ್ಟು ಗೆದ್ದರು ಎಂಬುದು ಪಟ್ಟಿಯಲ್ಲಿರುತ್ತದೆ. ಯಾರ ಮೇಲೆ ಗೆದ್ದರು ಎಂಬುದನ್ನು ನಾವೇ ಹುಡುಕಿಕೊಳ್ಳಬೇಕು.

ಮುತ್ಯಾನ ಈ ಲೆಕ್ಕವನ್ನು ಇಡೀ ದೇಶವೇ ತಲೆಗೆ ಹಚ್ಚಿಕೊಂಡು ಕೂತಿರುವ ಜಾಗವೊಂದಿದೆ. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ಅದರ ಮೇಲಿನ ದರ್ಜೆಯಲ್ಲೇ 130ಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳಿವೆ. ಒಂದು ತಂಡ ವರ್ಷಕ್ಕೆ ಆಡುವುದು ಸಾಮಾನ್ಯವಾಗಿ 12 ಲೀಗ್ ಪಂದ್ಯ. ಎಲ್ಲರೂ ಎಲ್ಲರನ್ನೂ ಎದುರಿಸುವುದು ಸಾಧ್ಯವೇ ಇಲ್ಲ. ಅದಕ್ಕೇ ‘ಕಾನ್ಫರೆನ್ಸ್’ ಎಂಬ ಗುಂಪುಗಳನ್ನು ಮಾಡಿಕೊಂಡಿದ್ದಾರೆ. ಎಂಟೋ ಒಂಬತ್ತೋ ಪಂದ್ಯ ಗುಂಪಿನೊಳಗೆ, ಉಳಿದ ಮೂರ್ನಾಲ್ಕು ಗುಂಪಿನಾಚೆ. ಗುಂಪಿನೊಳಗಿನ ಪಂದ್ಯಗಳು ಹಣೆಬರಹದ ಹಾಗೆ, ಬಂದದ್ದನ್ನು ಆಡಬೇಕು. ಆಚೆಯ ಪಂದ್ಯಗಳನ್ನು ಮಾತ್ರ ತಂಡವೇ ಆರಿಸಿಕೊಳ್ಳುತ್ತದೆ. ಹಣ ಕೊಟ್ಟು ಬಡಪಾಯಿ ತಂಡವನ್ನು ಮನೆಗೆ ಕರೆಸಿ ಬಡಿದು ಕಳಿಸಬಹುದು, ಇಲ್ಲವೇ ಗಟ್ಟಿಗರ ಮನೆಗೇ ಹೋಗಿ ತೊಡೆ ತಟ್ಟಬಹುದು. ಒಂದು ತಂಡದ ಧೈರ್ಯ ಎಷ್ಟೆಂಬುದು ಈ ಮೂರ್ನಾಲ್ಕು ಪಂದ್ಯಗಳ ಆಯ್ಕೆಯಲ್ಲೇ ಕಾಣುತ್ತದೆ.

2023ರ ಸೆಪ್ಟೆಂಬರ್ 9ರಂದು ಟೆಕ್ಸಸ್ ವಿಶ್ವವಿದ್ಯಾಲಯದ ತಂಡ ಅಲಬಾಮದ ಮನೆಯಂಗಳಕ್ಕೇ ಹೋಗಿ 34–24ರಿಂದ ಗೆದ್ದು ಬಂತು. ಗುಂಪಿನಾಚೆಯ ಪಂದ್ಯ ಅದು, ಬೇಕಾಗಿದ್ದರೆ ಆಡದೆಯೂ ಇರಬಹುದಿತ್ತು. ಡಿಸೆಂಬರಿನಲ್ಲಿ ರಾಷ್ಟ್ರೀಯ ಪಟ್ಟಕ್ಕೆ ನಾಲ್ಕು ತಂಡಗಳನ್ನು ಆರಿಸಲು ಸಮಿತಿ ಕೂತಾಗ ಟೆಕ್ಸಸ್ ಒಂದು ಪಂದ್ಯ ಸೋತಿತ್ತು, ಅಲಬಾಮವೂ ಒಂದು ಸೋತಿತ್ತು. ಫ್ಲಾರಿಡಾ ಸ್ಟೇಟ್ ತಂಡ ಆಡಿದ ಹದಿಮೂರಕ್ಕೆ ಹದಿಮೂರೂ ಗೆದ್ದಿತ್ತು. ಒಳಗೆ ಹೋದವರು ಟೆಕ್ಸಸ್ ಮತ್ತು ಅಲಬಾಮ, ಹೊರಗುಳಿದದ್ದು ಒಂದೂ ಸೋಲದ ಫ್ಲಾರಿಡಾ ಸ್ಟೇಟ್. ಅವರ ಮುಖ್ಯ ಆಟಗಾರನ ಕಾಲಿಗೆ ಪೆಟ್ಟಾಗಿದ್ದದ್ದನ್ನೇ ಸಮಿತಿ ದೊಡ್ಡ ಕಾರಣವಾಗಿ ಹೇಳಿತು. ಆದರೂ ‘ನೀವು ಯಾರ ಮೇಲೆ ಗೆದ್ದಿರಿ’ ಎಂಬ ಮಾತು ಆ ಚಳಿಗಾಲವಿಡೀ ಅಲ್ಲಿನವರ ಬಾಯಲ್ಲಿತ್ತು. ಇದು ಅಲ್ಲಿ ಹಳೆಯ ಜಗಳ. 1984ರಲ್ಲಿ ಬ್ರಿಗಂ ಯಂಗ್ ವಿಶ್ವವಿದ್ಯಾಲಯ ಒಂದೂ ಸೋಲದೆ ಚಾಂಪಿಯನ್ ಆದಾಗ ಎದ್ದ ಇದೇ ಆಕ್ಷೇಪ ನಲವತ್ತು ವರ್ಷ ಕಳೆದರೂ ಪೂರ್ತಿ ತಣ್ಣಗಾಗಿಲ್ಲ.

ಅವರು ಇದಕ್ಕೊಂದು ಗಣಿತವನ್ನೂ ಕಟ್ಟಿದ್ದರು. ನಿಮ್ಮ ಎದುರಾಳಿಗಳು ಒಟ್ಟು ಎಷ್ಟು ಪಾಲು ಗೆದ್ದಿದ್ದಾರೆ ಎಂಬುದಕ್ಕೆ ಎರಡು ಭಾಗ ತೂಕ, ಆ ಎದುರಾಳಿಗಳ ಎದುರಾಳಿಗಳು ಎಷ್ಟು ಗೆದ್ದಿದ್ದಾರೆ ಎಂಬುದಕ್ಕೆ ಒಂದು ಭಾಗ. ಎರಡನ್ನೂ ಕೂಡಿಸಿದರೆ ನಿಮ್ಮ ಪಂದ್ಯಪಟ್ಟಿ ಎಷ್ಟು ಗಟ್ಟಿ ಎಂದು ಗೊತ್ತಾಗುತ್ತದೆ. ಮೊದಲ ಸಲ ಈ ಸೂತ್ರ ಓದಿದಾಗ ನನಗೆ ಕೃಷ್ಣಾ ದಂಡೆಯ ಕಟ್ಟೆ ಕಣ್ಣಮುಂದೆ ಬಂತು. ಯಾರ ಮ್ಯಾಲ ಗೆದ್ರಿ? ಅವ್ರು ಯಾರ ಮ್ಯಾಲ ಗೆದ್ದು ಬಂದಿದ್ರು?

ವಲಯ ಎಂಬ ಬೇಲಿ

ನಮ್ಮ ಕಡೆ ಈ ಜಗಳವನ್ನು ಹುಡುಕಿಕೊಂಡು ಹೊರಟರೆ ಅದು ಸಿಗುವುದು ರಣಜಿ ಟ್ರೋಫಿಯಲ್ಲಿ. 1934ರ ನವೆಂಬರ್ 4ರಂದು ಮದ್ರಾಸಿನ ಚೆಪಾಕ್‌ನಲ್ಲಿ ಈ ಟೂರ್ನಿಯ ಮೊಟ್ಟಮೊದಲ ಪಂದ್ಯ ನಡೆದಾಗ ಆಡಿದವರು ಮದ್ರಾಸ್ ಮತ್ತು ಮೈಸೂರು. ಪಂದ್ಯ ಒಂದೇ ದಿನಕ್ಕೆ ಮುಗಿದುಹೋಯಿತು. ಮೈಸೂರು 48 ಮತ್ತು 59ಕ್ಕೆ ಆಲೌಟ್. ಮದ್ರಾಸಿನ ಎ.ಜಿ. ರಾಮ್ ಸಿಂಗ್ ಎರಡೂ ಇನಿಂಗ್ಸ್ ಸೇರಿ 35 ರನ್ನಿಗೆ 11 ವಿಕೆಟ್ ಕಿತ್ತಿದ್ದರು. ಅಂದು ದಕ್ಷಿಣ ವಲಯದ ಬೇಲಿಯೊಳಗೆ ಸಿಕ್ಕಿಕೊಂಡ ಮೈಸೂರಿಗೆ ಆ ಬೇಲಿ ದಾಟುವುದೇ ಒಂದು ತಪಸ್ಸಾಯಿತು.

ಏಕೆಂದರೆ 1970ರವರೆಗೆ ಪ್ರತಿ ವಲಯದಿಂದ ಮುಂದಿನ ಸುತ್ತಿಗೆ ಹೋಗುತ್ತಿದ್ದದ್ದು ಒಂದೇ ತಂಡ. 1970–71ರಿಂದ ಎರಡಾದವು. ಎರಡಾದರೂ ದಕ್ಷಿಣದ ಲೆಕ್ಕ ನೋಡಿ. ಒಂದು ಕಡೆ ಜಯಸಿಂಹ, ಪಟೌಡಿ, ಅಬಿದ್ ಅಲಿ ಇದ್ದ ಹೈದರಾಬಾದ್. ಇನ್ನೊಂದು ಕಡೆ ವೆಂಕಟರಾಘವನ್, ವಿ.ವಿ. ಕುಮಾರ್ ಇದ್ದ ತಮಿಳುನಾಡು. ಮಧ್ಯದಲ್ಲಿ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಬ್ರಿಜೇಶ್ ಪಟೇಲ್, ಕಿರ್ಮಾನಿ ಇದ್ದ ನಾವು. ಮೂವರಲ್ಲಿ ಒಬ್ಬರಾದರೂ ಹೊರಗುಳಿಯಲೇಬೇಕು. ಆಂಧ್ರ, ಕೇರಳದ ಮೇಲೆ ಅಂಕ ಬಾಚಿಕೊಳ್ಳಬಹುದಿತ್ತು ನಿಜ, ಆದರೆ ಹಣೆಬರಹ ತೀರ್ಮಾನವಾಗುತ್ತಿದ್ದದ್ದು ಉಳಿದ ಇಬ್ಬರ ಎದುರಿಗೇ. ಬೇರೊಂದು ವಲಯದಲ್ಲಿ ಹುಟ್ಟಿದ್ದರೆ ವರ್ಷವೂ ಮುಂದೆ ಹೋಗಬಹುದಾಗಿದ್ದ ತಂಡ ದಕ್ಷಿಣದಲ್ಲಿ ಹುಟ್ಟಿದ್ದಕ್ಕೆ ಮನೆಯಲ್ಲಿ ಕೂರಬೇಕಾಗುತ್ತಿತ್ತು.

ಆದರೆ ಆ ಕಷ್ಟದಿಂದ ಕೂಡಿಟ್ಟ ಗಂಟೂ ಒಂದಿತ್ತು. 1973–74ರ ಸೆಮಿಫೈನಲ್ಲಿಗೆ ಬೆಂಗಳೂರಿಗೆ ಬಂದ ಬಾಂಬೆ ಅದಕ್ಕೆ ಮುಂಚೆ ಸತತ 15 ವರ್ಷ ಚಾಂಪಿಯನ್. ವಿಶ್ವನಾಥ್ 162, ಬ್ರಿಜೇಶ್ 106. ಮೊದಲ ಇನಿಂಗ್ಸ್‌ನಲ್ಲಿ ಕರ್ನಾಟಕ 385. ಪ್ರಸನ್ನರ ಚೆಂಡಿಗೆ ಗಾವಸ್ಕರ್ ಬೌಲ್ಡ್ ಆದದ್ದನ್ನು ಅಂದು ಕ್ರೀಡಾಂಗಣದಲ್ಲಿದ್ದವರು ಇಂದಿಗೂ ನಿನ್ನೆ ಕಂಡ ಹಾಗೆ ಹೇಳುತ್ತಾರೆ. ಬಾಂಬೆ 307ಕ್ಕೆ ನಿಂತಿತು. ಮುನ್ನಡೆಯ ಮೇಲೆ ಗೆದ್ದ ಕರ್ನಾಟಕ ಜೈಪುರದಲ್ಲಿ ರಾಜಸ್ಥಾನವನ್ನೂ ಸೋಲಿಸಿ ಮೊದಲ ಸಲ ರಣಜಿ ಎತ್ತಿತು. ವೆಂಕಟರಾಘವನ್‌ರನ್ನು ವರ್ಷ ವರ್ಷ ಆಡಿದ ಬ್ಯಾಟು ಬಾಂಬೆಯ ಸ್ಪಿನ್ನಿಗೆ ಯಾಕೆ ಹೆದರಬೇಕು? ಆ ಗೆಲುವಿಗೆ ಬೇಕಾದ ಕಸುವು ಚೆಪಾಕ್ ಮತ್ತು ಹೈದರಾಬಾದಿನಲ್ಲೇ ತಯಾರಾಗಿತ್ತು ಎಂದು ನಾನು ನಂಬಿದ್ದೇನೆ.

ಹಾಗಾದರೆ ಬಾಂಬೆ? ಅದರ ಪಶ್ಚಿಮ ವಲಯ ದಕ್ಷಿಣದಷ್ಟು ಬಿಗಿಯಾಗಿರಲಿಲ್ಲ, ಆದರೂ 15 ವರ್ಷ ಗೆದ್ದರಲ್ಲ ಎಂದು ಕೇಳಬಹುದು. ಅವರಿಗೆ ಗಟ್ಟಿ ಎದುರಾಳಿ ಊರೊಳಗೇ ಇದ್ದ. 1948ರಲ್ಲಿ ಶುರುವಾದ ಕಾಂಗಾ ಲೀಗ್ ಮಳೆಗಾಲದಲ್ಲಿ, ಚೆಂಡು ಎತ್ತ ತಿರುಗುತ್ತದೆಂದು ದೇವರಿಗೂ ತಿಳಿಯದ ಒದ್ದೆ ಪಿಚ್ಚುಗಳ ಮೇಲೆ ನಡೆಯುತ್ತಿತ್ತು. ಭಾನುವಾರ ಟೆಸ್ಟ್ ಆಟಗಾರನಿಗೆ ಬೌಲ್ ಮಾಡಿದ ಕಾಲೇಜು ಹುಡುಗನಿಗೆ ರಣಜಿ ಪಂದ್ಯ ಹೊಸ ಲೋಕವೆನಿಸುತ್ತಿರಲಿಲ್ಲ. ಗಟ್ಟಿ ಎದುರಾಳಿ ವಲಯದೊಳಗಿರಲಿ, ಹೊರಗಿರಲಿ, ಓಣಿಯಲ್ಲೇ ಇರಲಿ, ಎಲ್ಲಾದರೂ ಸಿಗಬೇಕು. ಇಲ್ಲೇ ನಮ್ಮ ರಾಯಚೂರು ಸೀಮೆಯ ಕಥೆ ಶುರುವಾಗುತ್ತದೆ.

ಎರಡು ರೈಲು ಕೂಡಿದ ಊರು

1956ರ ನವೆಂಬರ್ 1ರವರೆಗೆ ರಾಯಚೂರು, ದೇವದುರ್ಗ, ಮಾನ್ವಿ ಹೈದರಾಬಾದ್ ಸಂಸ್ಥಾನ ಮತ್ತು ಆಮೇಲಿನ ಹೈದರಾಬಾದ್ ರಾಜ್ಯದ ಭಾಗ. ಅಂದರೆ ನಮ್ಮ ಅಜ್ಜಂದಿರ ಕಾಲದಲ್ಲಿ ಈ ಕಡೆಯ ಹುಡುಗನೊಬ್ಬ ರಣಜಿ ಆಡುವಷ್ಟು ಬೆಳೆದಿದ್ದರೆ ಅವನ ಟೊಪ್ಪಿಗೆಯ ಮೇಲೆ ಹೈದರಾಬಾದ್ ಎಂದಿರುತ್ತಿತ್ತು, ಮೈಸೂರು ಅವನಿಗೆ ಎದುರಾಳಿ. 1937–38ರ ಫೈನಲ್ಲಿನಲ್ಲಿ ಎಡ್ಡಿ ಐಬರಾ ಔಟಾಗದೆ 137 ಹೊಡೆದು ನವಾನಗರದ ಮೇಲೆ ಒಂದೇ ಒಂದು ವಿಕೆಟ್ಟಿನಿಂದ ಹೈದರಾಬಾದಿಗೆ ಗೆಲ್ಲಿಸಿಕೊಟ್ಟ ರಣಜಿ ಲೆಕ್ಕಕ್ಕೆ ನಮ್ಮ ರಾಜ್ಯದ ರಣಜಿಯೇ.

ಆ ಹೈದರಾಬಾದಿನಲ್ಲಿ ಒಂದು ಒಳ್ಳೆಯ ರೂಢಿಯಿತ್ತು. 1930–31ರಲ್ಲಿ ಶುರುವಾದ ಮೊಯಿನುದ್ದೌಲಾ ಗೋಲ್ಡ್ ಕಪ್. ವಲಯ, ಪ್ರಾಂತ್ಯ ಯಾವುದನ್ನೂ ನೋಡದೆ ಆಹ್ವಾನ ಕೊಟ್ಟು ಕರೆಸಿ ಆಡಿಸುವ ಟೂರ್ನಿ. ಮೊದಲ ವರ್ಷವೇ ವಿಜಯನಗರಂನ ಮಹಾರಾಜಕುಮಾರನ ತಂಡದೊಂದಿಗೆ ಇಂಗ್ಲೆಂಡಿನ ಜ್ಯಾಕ್ ಹಾಬ್ಸ್ ಮತ್ತು ಹರ್ಬರ್ಟ್ ಸಟ್‌ಕ್ಲಿಫ್ ಬಂದಿದ್ದರು. ಕೆಲವು ವರ್ಷಗಳ ನಂತರ ವೆಸ್ಟ್ ಇಂಡೀಸ್‌ನ ಲಿಯರಿ ಕಾನ್‌ಸ್ಟಂಟೈನ್ ಬಂದರು. ಮದ್ರಾಸಿನ ಬುಚ್ಚಿಬಾಬು ಟೂರ್ನಿ, ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ನಡೆಸುವ ಕ್ಯಾಪ್ಟನ್ ತಿಮ್ಮಪ್ಪಯ್ಯ ಸ್ಮಾರಕ ಟೂರ್ನಿ ಇವೆಲ್ಲ ಅದೇ ಜಾತಿಯವು. ರಣಜಿ ಶುರುವಾಗುವ ಮುಂಚೆ ಪರವೂರಿನವರನ್ನು ಕರೆದು ನಮ್ಮ ಹುಡುಗರ ಕಾಲ್ಬಲ ನೋಡಿಕೊಳ್ಳುವ ಜಾಗ. ಅಮೆರಿಕದವರ ಗುಂಪಿನಾಚೆಯ ಪಂದ್ಯಗಳಿಗೆ ನಮ್ಮಲ್ಲಿ ಸರಿಸಮ ಯಾವುದಾದರೂ ಇದ್ದರೆ ಇವೇ. ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಸುದ್ದಿಯಾಗಿ ಮುಗಿಯುವ ಈ ಟೂರ್ನಿಗಳಿಗೆ ನಾನು ತುಂಬ ಬೆಲೆ ಕೊಡುತ್ತೇನೆ.

ರಾಜ್ಯ ಒಂದಾದ ಮೇಲೆ ನಾವು ಕ್ರಿಕೆಟ್ ಸಂಸ್ಥೆಯ ‘ರಾಯಚೂರು ವಲಯ’ ಆದೆವು. ಕಲಬುರ್ಗಿ, ಬೀದರ್, ಬಳ್ಳಾರಿ ಕಡೆಯ ಕ್ಲಬ್ಬುಗಳೂ ಈ ವಲಯದಲ್ಲೇ. ನಕ್ಷೆಯಲ್ಲಿ ನೋಡಿದರೆ ರಾಜ್ಯದ ಬಹುದೊಡ್ಡ ತುಂಡು, ಮೈದಾನ ಲೆಕ್ಕ ಹಾಕಿದರೆ ಬಹಳ ಚಿಕ್ಕದು. ಹತ್ತಿಯ ಹೊಲ, ಭತ್ತದ ಗದ್ದೆ, ಸುಡು ಬಿಸಿಲು. ಹುಲ್ಲಿನ ಮೈದಾನ ನಮಗೆ ಟಿವಿಯಲ್ಲಿ ಕಾಣುವ ವಸ್ತು. ಮ್ಯಾಟ್ ಹಾಸಿ ಆಡಿದ ಹುಡುಗ ಬೆಂಗಳೂರಿಗೆ ಆಯ್ಕೆಗೆ ಹೋಗಿ ಮೊದಲ ಸಲ ಹಸಿರು ಪಿಚ್ಚಿನ ಮೇಲೆ ನಿಂತಾಗ ಚೆಂಡು ಅವನು ಎಣಿಸಿದ ಕಡೆ ಬರುವುದಿಲ್ಲ. ಅವನ ಹೆಸರಿನ ಮುಂದೆ ವಲಯದ ಪಂದ್ಯಗಳಲ್ಲಿ ಹೊಡೆದ ಸೆಂಚುರಿಗಳಿರುತ್ತವೆ. ಆಯ್ಕೆ ಮಾಡುವವರು ಆ ಸೆಂಚುರಿಗಳನ್ನು ನಂಬುವುದಿಲ್ಲ. ನಂಬದೆ ಇರುವುದು ಪೂರ್ತಿ ತಪ್ಪೂ ಅಲ್ಲ. ನೋವಿನ ಸಂಗತಿಯೆಂದರೆ, ಅವರು ನಂಬುವಂಥ ಎದುರಾಳಿಯ ಮುಂದೆ ಆಡುವ ಅವಕಾಶ ಅವನಿಗೆ ಎಲ್ಲಿಯೂ ಸಿಕ್ಕಿರುವುದಿಲ್ಲ.

ಬೇಲಿ ದಾಟಿದವರೂ ಇದ್ದಾರೆ. ಗದಗಿನ ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಗಿನ ಜಾವದ ರೈಲು ಹಿಡಿದು ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗಿ, ಶಾಲೆಯ ಹೊತ್ತಿಗೆ ಮತ್ತೆ ಗದಗಿಗೆ ಬರುತ್ತಿದ್ದರೆಂಬುದು ಉತ್ತರ ಕರ್ನಾಟಕದ ಮನೆಮನೆಗೂ ಗೊತ್ತಿರುವ ಮಾತು. ಹೋಗುತ್ತ ಸುಮಾರು 60 ಕಿಲೊಮೀಟರ್, ಬರುತ್ತ ಅಷ್ಟೇ. ಆ ಹುಡುಗನೇ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು 10 ಓವರಿನಲ್ಲಿ ಬರೀ 6 ರನ್ ಕೊಟ್ಟು 5 ವಿಕೆಟ್ ತೆಗೆದದ್ದು.

ಮತ್ತು ನಮ್ಮವರೇ ಆದ ಯರೇಗೌಡ. 1971ರಲ್ಲಿ ರಾಯಚೂರಿನಲ್ಲಿ ಹುಟ್ಟಿದವರು. ತೊಂಬತ್ತರ ದಶಕದ ನಡುವಿನಲ್ಲಿ ಕರ್ನಾಟಕಕ್ಕೆ ಆಡಲು ಶುರುಮಾಡಿದರು. ಅಂದಿನ ಕರ್ನಾಟಕ ತಂಡದಲ್ಲಿ ಜಾಗ ಸಿಗುವುದೆಂದರೆ ಜಾತ್ರೆಯ ದಿನ ಬಸ್ಸಿನಲ್ಲಿ ಸೀಟು ಸಿಕ್ಕ ಹಾಗೆ. ಅವರು ರೈಲ್ವೇಸ್ ತಂಡಕ್ಕೆ ಹೋದರು.

ರೈಲ್ವೇಸ್ ವಿಶಿಷ್ಟ ತಂಡ. ಅದಕ್ಕೆ ಊರಿಲ್ಲ, ಭಾಷೆಯಿಲ್ಲ. ಬೀಡ್ ಜಿಲ್ಲೆಯ ಸಂಜಯ್ ಬಾಂಗರ್, ಮದ್ರಾಸಿನಲ್ಲಿ ಹುಟ್ಟಿದ ಮುರಳಿ ಕಾರ್ತಿಕ್, ರಾಯಚೂರಿನ ಯರೇಗೌಡ ಒಂದೇ ಡ್ರೆಸಿಂಗ್ ರೂಮಿನಲ್ಲಿ. ತಮ್ಮ ರಾಜ್ಯದಲ್ಲಿ ಜಾಗ ಸಿಗದೆ ನೌಕರಿ ಹುಡುಕಿಕೊಂಡು ಬಂದವರೇ ಬಹಳ. ತಂಡದೊಳಗೆ ಕಾಲಿಡುವ ಮುಂಚೆ ಅಂತರ ರೈಲ್ವೆ ಪಂದ್ಯಗಳಲ್ಲಿ ದೇಶದ ಮೂಲೆಮೂಲೆಯ ಆಟಗಾರರನ್ನು ಎದುರಿಸಬೇಕು. ವಲಯದ ಬೇಲಿಯೇ ಇಲ್ಲದ ಶಾಲೆ ಅದು. ಈ ತಂಡ 2000–01ರ ಫೈನಲ್ಲಿನಲ್ಲಿ ಬರೋಡಾಕ್ಕೆ ಸೋತು, ಮರುವರ್ಷ ಅದೇ ಬರೋಡಾವನ್ನು ದೆಹಲಿಯ ಕರ್ನೈಲ್ ಸಿಂಗ್ ಕ್ರೀಡಾಂಗಣದಲ್ಲಿ ಸೋಲಿಸಿ ಮೊದಲ ಸಲ ರಣಜಿ ಗೆದ್ದಿತು. 2004–05ರಲ್ಲಿ ಪಂಜಾಬ್ ಮೇಲೆ ಮತ್ತೆ ಗೆದ್ದಿತು. ಎರಡೂ ಸಲ ಮಧ್ಯಮ ಕ್ರಮಾಂಕದಲ್ಲಿ ಯರೇಗೌಡ ಇದ್ದರು, ಗೋಡೆಗೆ ಆತುಕೊಂಡ ಕಂಬದ ಹಾಗೆ.

ಆಮೇಲೆ ಕರ್ನಾಟಕ ಅವರನ್ನು ವಾಪಸು ಕರೆಸಿಕೊಂಡಿತು, ನಾಯಕನನ್ನಾಗಿಯೂ ಮಾಡಿತು. ಪ್ರಥಮ ದರ್ಜೆಯಲ್ಲಿ 7 ಸಾವಿರಕ್ಕೂ ಹೆಚ್ಚು ರನ್. ಭಾರತ ತಂಡದ ಬಾಗಿಲು ಮಾತ್ರ ತೆರೆಯಲಿಲ್ಲ. ಬಾಂಬೆ–ಮದ್ರಾಸ್ ಮಾರ್ಗ ಪೂರ್ತಿಯಾಗಲು ಎರಡು ರೈಲು ಕಂಪನಿಗಳ ಹಳಿಗಳು 1871ರಲ್ಲಿ ಬಂದು ಕೂಡಿದ್ದು ರಾಯಚೂರಿನಲ್ಲಿ. ಆ ಊರಿನ ದೊಡ್ಡ ಕ್ರಿಕೆಟಿಗ ಹೆಸರು ಮಾಡಿದ್ದು ರೈಲ್ವೆಯ ತಂಡದಲ್ಲಿ ಎಂಬುದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. ಅವರು ರಾಯಚೂರಿನಲ್ಲೇ ಉಳಿದು ವಲಯದ ಪಂದ್ಯಗಳಲ್ಲೇ ರನ್ ಗುಡ್ಡೆ ಹಾಕಿದ್ದರೆ ಅವರ ಹೆಸರು ಇಂದು ನಮ್ಮ ಜಿಲ್ಲೆಯ ಆಚೆ ಯಾರಿಗೂ ತಿಳಿಯುತ್ತಿರಲಿಲ್ಲ.

ಸಣ್ಣದಾಗುತ್ತ ಬಂದ ಅಂಗಳ

ಕಾಲೇಜು ಆಟದ ಕಡೆ ಬರೋಣ. ಇದನ್ನು ಯಾರೂ ಬರೆದದ್ದನ್ನು ನಾನು ಕಂಡಿಲ್ಲ, ಆದರೆ ನಮ್ಮ ಕಡೆಯ ಕಾಲೇಜು ಹುಡುಗರು ಯಾರ ಜೊತೆ ಆಡಿಕೊಂಡು ಬಂದಿದ್ದಾರೆ ಎಂಬುದೇ ಒಂದು ಚರಿತ್ರೆ. ಸಂಸ್ಥಾನದ ಕಾಲದಲ್ಲಿ ಮುಂದೆ ಓದಬೇಕೆಂದವರು ಹೈದರಾಬಾದಿಗೆ, ಉಸ್ಮಾನಿಯಾಕ್ಕೆ ಹೋದರು. ಏಕೀಕರಣದ ನಂತರ ಇಲ್ಲಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಆಗ ಅಂತರ ಕಾಲೇಜು ಪಂದ್ಯವೆಂದರೆ ಧಾರವಾಡ, ಹುಬ್ಬಳ್ಳಿ, ಬೆಳಗಾವಿಯ ಕಾಲೇಜುಗಳೂ ಅದರಲ್ಲಿರುತ್ತಿದ್ದವು. ಕರಾವಳಿಯ ಕಾರವಾರವೂ ಅದರಲ್ಲೇ. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಆಯಿತು, ಅಂಗಳ ಒಂದು ಸುತ್ತು ಚಿಕ್ಕದಾಯಿತು. 2010ರಲ್ಲಿ ಬಳ್ಳಾರಿಗೆ ಬೇರೆ ವಿಶ್ವವಿದ್ಯಾಲಯ ಬಂದು ಬಳ್ಳಾರಿ, ಕೊಪ್ಪಳ ಆ ಕಡೆ ಹೋದವು. 2021ರಲ್ಲಿ ರಾಯಚೂರಿಗೇ ವಿಶ್ವವಿದ್ಯಾಲಯ ಬಂತು. ಈಗ ಅದಕ್ಕೆ ಆದಿಕವಿ ಮಹರ್ಷಿ ವಾಲ್ಮೀಕಿಯ ಹೆಸರು. ವ್ಯಾಪ್ತಿ ರಾಯಚೂರು ಮತ್ತು ಯಾದಗಿರಿ, ಎರಡೇ ಜಿಲ್ಲೆ.

ತಪ್ಪು ತಿಳಿಯಬೇಡಿ. ಲಿಂಗಸುಗೂರಿನ ಹುಡುಗಿಯೊಬ್ಬಳು ಅಂಕಪಟ್ಟಿಯ ಒಂದು ತಿದ್ದುಪಡಿಗೆ ಕಲಬುರ್ಗಿಗೆ ಎರಡು ಬಸ್ ಬದಲಿಸಿ ಹೋಗಬೇಕಾಗಿದ್ದ ಕಾಲ ಮತ್ತೆ ಬರುವುದು ಬೇಡ. ಊರ ಹತ್ತಿರ ವಿಶ್ವವಿದ್ಯಾಲಯ ಬಂದದ್ದು ನಮಗೆ ಬೇಕಾಗಿದ್ದ ಕೆಲಸ. ಆದರೆ ಆಟದ ಮಟ್ಟಿಗೆ ಇದರ ಪರಿಣಾಮವೇನೆಂದು ಯಾರಾದರೂ ಕೂತು ಯೋಚಿಸಬೇಕಿತ್ತು. ಈಗ ನಮ್ಮ ಕಾಲೇಜು ತಂಡ ಅಂತರ ಕಾಲೇಜು ಪಂದ್ಯದಲ್ಲಿ ನೋಡುವ ಮುಖಗಳೆಲ್ಲ ಗೊತ್ತಿದ್ದ ಮುಖಗಳು. ಕಳೆದ ವಾರ ಜಾತ್ರೆಯ ಹೊನಲು ಬೆಳಕಿನ ಕಬಡ್ಡಿಯಲ್ಲಿ ಆಡಿದವರೇ ಇಲ್ಲಿಯೂ ಎದುರಿಗೆ. ಅವರಲ್ಲಿ ಗೆದ್ದವರನ್ನು ಆರಿಸಿ ವಿಶ್ವವಿದ್ಯಾಲಯದ ತಂಡ ಕಟ್ಟುತ್ತಾರೆ, ಹತ್ತು ದಿನ ಶಿಬಿರ ಮಾಡುತ್ತಾರೆ, ಬಸ್ಸು ಹತ್ತಿಸಿ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಕಳಿಸುತ್ತಾರೆ. ಅಲ್ಲಿ ಎದುರಿಗೆ ನಿಲ್ಲುವವರು ಯಾರು? ಫುಟ್‌ಬಾಲ್ ಆದರೆ ಅಶುತೋಷ್ ಮುಖರ್ಜಿ ಟ್ರೋಫಿಯನ್ನು ಹಲವು ಸಲ ಗೆದ್ದ ಕಲ್ಲಿಕೋಟೆ ವಿಶ್ವವಿದ್ಯಾಲಯದವರು. ಕಬಡ್ಡಿ, ಕೊಕ್ಕೊ, ಓಟ ಆದರೆ ಮಂಗಳೂರಿನವರು. ಎರಡು ಜಿಲ್ಲೆಯ ಅಂಗಳದಿಂದ ನೇರವಾಗಿ ಐದಾರು ರಾಜ್ಯಗಳ ಅಖಾಡಕ್ಕೆ, ನಡುವೆ ಒಂದು ಮೆಟ್ಟಿಲೂ ಇಲ್ಲ. ಮೊದಲ ಸುತ್ತಿನಲ್ಲೇ ಸೋತು ಮರುದಿನ ಬೆಳಗಿನ ಬಸ್ಸಿಗೆ ವಾಪಸು.

ಅದೇ ಹುಡುಗರನ್ನು ಟೂರ್ನಿಗೆ ಒಂದು ತಿಂಗಳು ಮುಂಚೆ ಧಾರವಾಡಕ್ಕೋ ಹೈದರಾಬಾದಿಗೋ ಕರೆದುಕೊಂಡು ಹೋಗಿ ನಾಲ್ಕು ಪಂದ್ಯ ಆಡಿಸಿದರೆ? ರಾಯಚೂರಿನಿಂದ ಬೆಂಗಳೂರು 400 ಕಿಲೊಮೀಟರಿಗೂ ಹೆಚ್ಚು. ಹೈದರಾಬಾದ್ ಅದರ ಅರ್ಧದಷ್ಟು. ಕರ್ನೂಲು ಇನ್ನೂ ಹತ್ತಿರ, ಸುಮಾರು 100. ರಾಜ್ಯದ ಗಡಿಯನ್ನು ಆಟದ ಗಡಿಯೆಂದೂ ತಿಳಿದುಕೊಂಡದ್ದರಿಂದ ಕೈಗೆಟಕುವ ಎದುರಾಳಿಗಳನ್ನು ನಾವು ಬಿಟ್ಟುಕೊಟ್ಟಿದ್ದೇವೆ. ಇದಕ್ಕೆ ಕೋಟಿ ರೂಪಾಯಿಯ ಕ್ರೀಡಾಂಗಣ ಬೇಡ. ಒಂದು ಬಸ್ಸು, ಎರಡು ರಾತ್ರಿಯ ವಸತಿ, ಇಪ್ಪತ್ತು ಜನಕ್ಕೆ ಊಟ. ಈ ಖರ್ಚು ಯಾವ ಬಜೆಟ್ಟಿನ ಯಾವ ಸಾಲಿನಲ್ಲಿ ಬರುತ್ತದೆ ಎಂದು ಕೇಳಿದರೆ ಉತ್ತರವಿಲ್ಲ. ನಮ್ಮಲ್ಲಿ ಟೂರ್ನಿಗೆ ಹಣವಿದೆ, ಟೂರ್ನಿಯ ಮುಂಚಿನ ಪಂದ್ಯಕ್ಕಿಲ್ಲ.

ದಾಖಲೆಗಳ ತೂಕ

ಎದುರಾಳಿಯ ಪ್ರಶ್ನೆ ದಾಖಲೆಗಳನ್ನೂ ಬಿಡುವುದಿಲ್ಲ. 2002–03ರಲ್ಲಿ ರಣಜಿಯ ವಲಯ ಪದ್ಧತಿ ಹೋಗಿ ಎಲೀಟ್ ಮತ್ತು ಪ್ಲೇಟ್ ಎಂಬ ಎರಡು ದರ್ಜೆ ಬಂದವು. ಬಲಾಢ್ಯರು ಒಂದು ಕಡೆ, ಉಳಿದವರು ಇನ್ನೊಂದು ಕಡೆ. 2018–19ರಲ್ಲಿ ಒಂಬತ್ತು ಹೊಸ ತಂಡಗಳು ಸೇರಿ ಒಟ್ಟು 37 ಆದಾಗ, ಹೊಸಬರೆಲ್ಲ ಪ್ಲೇಟ್ ಗುಂಪಿನಲ್ಲಿ ತಮ್ಮತಮ್ಮಲ್ಲೇ ಆಡಿದರು. ಆ ವರ್ಷ ಬಿಹಾರದ ಎಡಗೈ ಸ್ಪಿನ್ನರ್ ಅಶುತೋಷ್ ಅಮನ್ 68 ವಿಕೆಟ್ ತೆಗೆದು, 1974–75ರಲ್ಲಿ ಬಿಷನ್ ಸಿಂಗ್ ಬೇಡಿ ಮಾಡಿದ್ದ 64ರ ದಾಖಲೆ ಮುರಿದರು. ಪತ್ರಿಕೆಗಳು ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಅಚ್ಚು ಹಾಕಿದವು. ಅಕ್ಕಪಕ್ಕ ಇಟ್ಟ ಮಾತ್ರಕ್ಕೆ ಅವು ಒಂದೇ ತಕ್ಕಡಿಯಲ್ಲಿ ತೂಗಿದವು ಆಗುವುದಿಲ್ಲ. ಹಾಗೆಂದು ಅಮನ್‌ರ ಸಾಧನೆಯನ್ನು ತಳ್ಳಿಹಾಕುವುದು ಅನ್ಯಾಯ. ಬೌಲರ್ ತನ್ನ ಮುಂದೆ ನಿಂತ ಬ್ಯಾಟ್ಸ್‌ಮನ್ನನ್ನು ತಾನೇ ಔಟ್ ಮಾಡಬೇಕು? ಇಲ್ಲದವನನ್ನು ಎಲ್ಲಿಂದ ತರುವುದು?

ಎದುರಾಳಿಯಲ್ಲಿ ದೊಡ್ಡ ಅಂತರವಿದ್ದರೆ ಏನಾಗುತ್ತದೆ ಎಂಬುದಕ್ಕೆ 2022ರ ಒಂದು ಪಂದ್ಯ ಸಾಕು. ಪ್ಲೇಟ್ ಗೆದ್ದ ನಾಗಾಲ್ಯಾಂಡ್ ತಂಡ ಮುಂದಿನ ಸುತ್ತಿನಲ್ಲಿ ಜಾರ್ಖಂಡಿಗೆ ಎದುರಾಯಿತು. ಜಾರ್ಖಂಡ್ 880 ರನ್ ಹೊಡೆಯಿತು. ಕೊನೆಗೆ ಮುನ್ನಡೆ ಸಾವಿರ ದಾಟಿತು. ನಾಗಾಲ್ಯಾಂಡಿನ ಆ ಹುಡುಗರನ್ನು ನೆನೆದು ನನಗೆ ಸಂಕಟವಾಯಿತು. ಅಲ್ಲಿಯವರೆಗೆ ಅವರು ಗೆದ್ದೇ ಬಂದಿದ್ದರು. ಆ ಗೆಲುವುಗಳು ಅವರಿಗೆ ಏನನ್ನೂ ಕಲಿಸಿರಲಿಲ್ಲ.

ಆದರೆ ಅಂಕಪಟ್ಟಿ ಸುಳ್ಳು ಹೇಳಬಹುದಾದ ಹಾಗೆ ಎದುರಾಳಿಯ ಲೆಕ್ಕವೂ ಕೆಲವೊಮ್ಮೆ ಸುಳ್ಳು ಹೇಳುತ್ತದೆ. 2010ರ ನವೆಂಬರಿನಲ್ಲಿ ಜೈಪುರದಲ್ಲಿ ರಾಜಸ್ಥಾನ ಹೈದರಾಬಾದನ್ನು 21 ರನ್ನಿಗೆ ಆಲೌಟ್ ಮಾಡಿತು. ಮೊದಲ ಪಂದ್ಯವಾಡುತ್ತಿದ್ದ ದೀಪಕ್ ಚಾಹರ್ 10 ರನ್ನಿಗೆ 8 ವಿಕೆಟ್. ಅದು ಪ್ಲೇಟ್ ದರ್ಜೆಯ ಪಂದ್ಯ, ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. ಅದೇ ರಾಜಸ್ಥಾನ ಹೃಷಿಕೇಶ್ ಕಾನಿಟ್ಕರ್ ನಾಯಕತ್ವದಲ್ಲಿ ಕ್ವಾರ್ಟರ್ ಫೈನಲ್ಲಿಗೆ ಬಂದು ಮುಂಬೈಯನ್ನು, ಸೆಮಿಯಲ್ಲಿ ತಮಿಳುನಾಡನ್ನು, ಫೈನಲ್ಲಿನಲ್ಲಿ ಬರೋಡಾವನ್ನು ದಾಟಿ ರಣಜಿ ಗೆದ್ದಿತು. ಕೆಳಗಿನ ದರ್ಜೆಯಿಂದ ಬಂದು ಚಾಂಪಿಯನ್! ಮರುವರ್ಷವೂ ಅವರೇ ಗೆದ್ದರು. 2007ರ ಸೆಪ್ಟೆಂಬರ್ 1ರಂದು ಅಮೆರಿಕದಲ್ಲಿ ಕೆಳದರ್ಜೆಯ ಅಪಲೇಚಿಯನ್ ಸ್ಟೇಟ್, ಹಣ ಕೊಟ್ಟು ಸೋಲಿಗೆ ಕರೆಸಿದ್ದ ಮಿಷಿಗನ್ ತಂಡವನ್ನೇ ಅದರ ಮೈದಾನದಲ್ಲಿ 34–32ರಿಂದ ಮಣಿಸಿದ ಹಾಗೆ.

ಈ ಎರಡು ಉದಾಹರಣೆಗಳನ್ನು ನಾನು ಎದೆಗೊತ್ತಿಕೊಂಡಿದ್ದೇನೆ. ಏಕೆಂದರೆ ಬಾಗಿಲು ತೆರೆದಿದ್ದರಿಂದ ಅವು ಸಾಧ್ಯವಾದವು. ಆ ವರ್ಷ ಪ್ಲೇಟಿನವರಿಗೆ ಕ್ವಾರ್ಟರ್ ಫೈನಲ್ಲಿನ ಬಾಗಿಲು ಮುಚ್ಚಿದ್ದರೆ, ರಾಜಸ್ಥಾನ ‘ಬಲಹೀನರ ಮೇಲೆ ಗೆದ್ದವರು’ ಎಂಬ ಹೆಸರು ಹೊತ್ತೇ ಉಳಿಯುತ್ತಿತ್ತು. ಯಾರ ಮೇಲೆ ಗೆದ್ದಿರಿ ಎಂದು ಕೇಳುವವರಿಗೆ ಇನ್ನೊಂದು ಜವಾಬ್ದಾರಿಯೂ ಇದೆ. ದೊಡ್ಡವರ ಎದುರು ನಿಲ್ಲುವ ಅವಕಾಶ ಕೊಟ್ಟು ಆಮೇಲೆ ಕೇಳಬೇಕು.

ಹೊಳೆಯ ಆಚೆ ದಂಡೆ

ಆ ಕಬಡ್ಡಿ ತಂಡದ ಕಥೆ ಹೇಳಬೇಕು. ಕಪ್ ತಂದ ವರ್ಷ ನಮ್ಮ ಶಾಲೆಯ ತಂಡ ತಾಲ್ಲೂಕು ಗೆದ್ದಿತು, ಜಿಲ್ಲೆಯನ್ನೂ ಗೆದ್ದಿತು. ಆಮೇಲೆ ಗುಲ್ಬರ್ಗಾ ವಿಭಾಗ ಮಟ್ಟ. ನಮ್ಮ ರೈಡರ್ ಒಬ್ಬನಿದ್ದ, ಮಿಂಚಿನ ಹುಡುಗ. ಯಾವಾಗಲೂ ಎಡಗಡೆಯಿಂದಲೇ ಒಳನುಗ್ಗುತ್ತಿದ್ದ. ನಮ್ಮ ಕಡೆ ಎಡ ಮೂಲೆಯಲ್ಲಿ ನಿಂತು ಪಾದಕ್ಕೆ ಬಿದ್ದು ಹಿಡಿಯುವಂಥ ಆಟಗಾರ ಯಾವ ತಂಡದಲ್ಲೂ ಇರಲಿಲ್ಲ. ಹಾಗಾಗಿ ಅದು ಅವನ ದೌರ್ಬಲ್ಯ ಎಂದು ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಗುಲ್ಬರ್ಗಾದಲ್ಲಿ ಎದುರಿನ ತಂಡದ ಎಡ ಮೂಲೆಯಲ್ಲಿ ಒಬ್ಬ ಕುಳ್ಳ ಹುಡುಗ ನಿಂತಿದ್ದ. ನಮ್ಮವನನ್ನು ಏಳು ಸಲ ಹಿಡಿದ, ಏಳು ಸಲವೂ ಅದೇ ಪಾದ. ಅರ್ಧ ಆಟದ ಹೊತ್ತಿಗೆ ನಮ್ಮ ಕಥೆ ಮುಗಿದಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಯಾರೂ ಮಾತಾಡಲಿಲ್ಲ. ಅವನು ಕಿಟಕಿಗೆ ಹಣೆ ಹಚ್ಚಿ ಅಳುತ್ತಿದ್ದ.

ನಮ್ಮ ಪಿ.ಟಿ. ಮಾಸ್ತರರು ಮರುವರ್ಷ ಜೂನ್‌ನಲ್ಲಿ, ಶಾಲೆ ಶುರುವಾದ ವಾರವೇ ನಮ್ಮನ್ನು ಕೂಡಿಸಿ, ‘ಹೊಳಿಗಿ ನೀರು ಬರೋ ಮುಂಚೆ ಆಚೆ ದಂಡಿಗಿ ಹೋಗಿ ಬರೋಣ ನಡೀರಿ’ ಅಂದರು. ಆಗ ಗೂಗಲ್‌ನಲ್ಲಿ ಈಗಿರುವ ಬ್ಯಾರೇಜ್ ಇರಲಿಲ್ಲ. ಕೃಷ್ಣೆ ಬೇಸಿಗೆಯಲ್ಲಿ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತದೆ. ಕೆಲವು ಕಡೆ ಪ್ಯಾಂಟು ಮಡಚಿ ನಡೆದು, ಆಳವಿದ್ದ ಕಡೆ ಹರಿಗೋಲಿನಲ್ಲಿ ಕೂತು ದಾಟಿದೆವು. ಆಚೆ ದಂಡೆ ಆಗ ಗುಲ್ಬರ್ಗಾ ಜಿಲ್ಲೆ, ಈಗಿನ ಯಾದಗಿರಿ. ನಮಗೆ ಅಲ್ಲಿ ಆಡುವ ಯಾವ ಕಾರಣವೂ ಇರಲಿಲ್ಲ. ಕಪ್ ಇಲ್ಲ, ಸರ್ಟಿಫಿಕೇಟ್ ಇಲ್ಲ, ನೋಡಲು ಜನರೂ ಇಲ್ಲ. ಮೂರು ಭಾನುವಾರ ಹೋದೆವು, ಮೂರು ಸಲವೂ ಸೋತೆವು. ಮೂರನೇ ಭಾನುವಾರ ನಮ್ಮ ರೈಡರ್ ಮೊದಲ ಸಲ ಬಲಗಡೆಯಿಂದ ಒಳಗೆ ಹೋಗಿ ಇಬ್ಬರನ್ನು ಮುಟ್ಟಿ ಬಂದ. ಮಾಸ್ತರರು ಅಂಗಳದ ಹೊರಗೆ ನಿಂತಿದ್ದವರು ಏನೂ ಹೇಳದೆ ತಮ್ಮ ಟವೆಲ್ ತೆಗೆದು ಅವನ ಹೆಗಲಿಗೆ ಹಾಕಿದರು.

ಆ ವರ್ಷವೂ ವಿಭಾಗ ಮಟ್ಟದಲ್ಲಿ ನಾವು ಸೋತೆವು. ಎರಡನೇ ಸುತ್ತಿನಲ್ಲಿ, ನಾಲ್ಕು ಅಂಕದಿಂದ. ಸಂಜೆ ಕತ್ತಲಾಗುವ ಹೊತ್ತಿಗೆ ಊರಿಗೆ ಬಂದಿಳಿದಾಗ ಮುತ್ಯಾ ಅಲ್ಲೇ ಕಟ್ಟೆಯ ಮೇಲಿದ್ದ. ಕೈಯಲ್ಲಿ ಕಪ್ ಇಲ್ಲದ್ದನ್ನು ನೋಡಿದ.

‘ಯಾರ ಮ್ಯಾಲ ಸೋತ್ರಿ?’ ಅಂದ.

ಹೇಳಿದೆವು. ಹೋದ ವರ್ಷ ರಾಜ್ಯ ಮಟ್ಟಕ್ಕೆ ಹೋಗಿ ಬಂದವರು ಅಂತಲೂ ಹೇಳಿದೆವು. ಮುತ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಟ್ಟೆಯ ಮೇಲೆ ಒತ್ತಿ ಸರಿದು ಜಾಗ ಮಾಡಿದ. ‘ಕುಂದರ್ರಿ. ಹ್ಯಾಂಗಾತು ಹೇಳ್ರಿ’ ಅಂದ.